ಕ್ರೋಶಾ ಡಾಯಿಲಿ: ದಾರ ಕೊಳ್ಳುವುದರಿಂದ ಗಂಜಿ ಹಾಕಿ ಪಿನ್ನು ಚುಚ್ಚುವವರೆಗೆ

ಡಾಯಿಲಿ ಅಂದರೆ ಟೇಬಲ್ ಮೇಲೆ ಹಾಸುವ ದುಂಡನೆಯ ಲೇಸು; ಕೊಕ್ಕೆ ಬಾಯಿಯ ಒಂದೇ ಕಡ್ಡಿಯಿಂದ ದಾರ ಹೆಣೆಯುವ ಕೆಲಸವೇ ಕ್ರೋಶಾ. ಕಡ್ಡಿಯಿಂದ ಆಗಷ್ಟೇ ಇಳಿಸಿದ ಡಾಯಿಲಿ ನೋಡಲು ಚೆನ್ನಾಗಿರುವುದಿಲ್ಲ. ಕೆಂಡದ ಮೇಲೆ ಸುಟ್ಟ ಹಪ್ಪಳದ ಹಾಗೆ ಅಂಚು ಸೊಟ್ಟಗಾಗಿ, ನಡು ಉಬ್ಬಿ, ಕೈಬೆವರಿಗೆ ಬಿಳುಪು ಮಾಸಿ ಕೂತಿರುತ್ತದೆ. ಹೊಸದಾಗಿ ಕಲಿಯುವವರು ಬೇಜಾರಾಗಿ ಕೈಬಿಡುವುದು ಹೆಚ್ಚಾಗಿ ಇಲ್ಲಿಯೇ. ಅದನ್ನೇ ತೊಳೆದು, ಗಂಜಿಯಲ್ಲಿ ಅದ್ದಿ, ಎಳೆದು ಪಿನ್ನು ಚುಚ್ಚಿ ಒಣಗಿಸಿದರೆ ಪ್ರತಿ ಕಿಂಡಿಯೂ ತೆರೆದುಕೊಂಡು ವಿನ್ಯಾಸ ಎದ್ದು ಕಾಣುತ್ತದೆ. ಹೆಣೆದು ಮುಗಿಸಿದರೆ ಅರ್ಧ ಕೆಲಸ ಆಯಿತು ಅಷ್ಟೆ. ಇನ್ನರ್ಧವನ್ನು ವಿಡಿಯೊ ಮಾಡುವವರು ಅವಸರದಲ್ಲಿ ಹೇಳಿ ಮುಗಿಸುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ.

ಬೆಂಗಳೂರಿನ ಹಳೆಯ ಮನೆಗಳಲ್ಲಿ ಡಾಯಿಲಿ ಹೊಸತೇನಲ್ಲ. ಟೀಪಾಯಿಯ ಮೇಲೆ, ರೇಡಿಯೊ ಮೇಲೆ, ಆಮೇಲೆ ಟಿವಿ ಮತ್ತು ಫ್ರಿಜ್ ಮೇಲೆ, ಅಂಚಿಗೆ ಮಣಿ ಪೋಣಿಸಿ ಹಾಲಿನ ಜಗ್ಗಿನ ಮೇಲೆ ಇದು ಇದ್ದೇ ಇರುತ್ತಿತ್ತು. ಕಾನ್ವೆಂಟಿನಲ್ಲಿ ಓದಿದ ಅಜ್ಜಿಯರಿಗೆ ಇದು ಕ್ರಾಫ್ಟ್ ಕ್ಲಾಸಿನ ವಿದ್ಯೆ. ಈಗ ಫ್ಲ್ಯಾಟ್ ಟಿವಿಯ ಮೇಲೆ ಹಾಸಲು ಜಾಗವಿಲ್ಲ, ಸರಿ. ಆದರೆ ದಸರಾ ಗೊಂಬೆಯ ಮೆಟ್ಟಿಲಿಗೆ, ಹೂದಾನಿಯ ಅಡಿಗೆ, ಫ್ರೇಮು ಹಾಕಿ ಗೋಡೆಗೆ ಬೇಕಾದಷ್ಟು ಜಾಗವಿದೆ.

ಇನ್ನೊಂದು ಮಾತು. ಕ್ರೋಶಾವನ್ನು ಯಂತ್ರ ಮಾಡುವುದಿಲ್ಲ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ‘ಕ್ರೋಶಾ ಲೇಸು’ ಯಂತ್ರದ ಬೇರೆಯೇ ಹೆಣಿಗೆ. ನಿಜವಾದ ಕ್ರೋಶಾ ಡಾಯಿಲಿಯನ್ನು ಯಾರಾದರೂ ಕಡಲೆಕಾಯಿ ಬೆಲೆಗೆ ಮಾರುತ್ತಿದ್ದರೆ, ಆಂಧ್ರದ ನರಸಾಪುರದ ಕಡೆಯಂಥ ಊರಿನಲ್ಲಿ ಮನೆಯಲ್ಲೇ ಕೂತು ಅದನ್ನು ಹೆಣೆದ ಹೆಂಗಸಿನ ಕೈಗೆ ಎಷ್ಟು ಸೇರಿರಬಹುದು ಎಂದು ನೀವೇ ಲೆಕ್ಕ ಹಾಕಿ. ನೀವೇ ಒಂದನ್ನು ಹೆಣೆದ ಮೇಲೆ ಚೌಕಾಶಿ ಮಾಡಲು ಬಾಯಿ ಬರುವುದಿಲ್ಲ.

ದಾರ ಮತ್ತು ಕಡ್ಡಿ

ಕ್ರೋಶಾ ದಾರದ ನಂಬರ್ ಉಲ್ಟಾ: ನಂಬರ್ ಹೆಚ್ಚಾದಷ್ಟೂ ದಾರ ತೆಳ್ಳಗೆ. 10 ದಪ್ಪ, 20 ಮಧ್ಯಮ, 40 ತೆಳು, 80 ಬಂದರೆ ಕಣ್ಣಿಗೆ ಪರೀಕ್ಷೆ. ಮೊದಲ ಡಾಯಿಲಿಗೆ 10 ಸರಿ. ಅದು ಸಿಗದಿದ್ದರೆ 20 ತನ್ನಿ, ಮಾದರಿ ಅದೇ, ಡಾಯಿಲಿ ಮಾತ್ರ ಚಿಕ್ಕದಾಗುತ್ತದೆ. ಬಿಳಿ, ಕೆನೆ ಬಣ್ಣ, ತಿಳಿ ಹಳದಿ ಇಂಥದ್ದನ್ನೇ ಆರಿಸಿ. ಕಪ್ಪು, ಕಡುನೀಲಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಕಿಂಡಿ ಕಾಣುವುದೇ ಇಲ್ಲ.

ದಾರ ಮರ್ಸರೈಸ್ಡ್ ಹತ್ತಿಯದಾಗಿರಲಿ. ಹತ್ತಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ, ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ ಎಂದು ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಕಂಡುಕೊಂಡ. ಹೊಳಪು ಬಂದದ್ದು 1890ರ ಹೊತ್ತಿಗೆ, ಹೊರೇಸ್ ಲೋವ್ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಅದೇ ಕೆಲಸ ಮಾಡಿದಾಗ. ಡಾಯಿಲಿಯನ್ನು ಪದೇ ಪದೇ ಒಗೆದು, ಎಳೆದು, ಚುಚ್ಚಬೇಕಾದ ನಮಗೆ ಹೊಳಪಿಗಿಂತ ಆ ಗಟ್ಟಿತನ ಮುಖ್ಯ. ಸಾದಾ ಹತ್ತಿ ದಾರ ಎರಡು ಒಗೆತಕ್ಕೆ ನವಿರು ಎದ್ದು ಮಂಕಾಗುತ್ತದೆ.

ಕೊಳ್ಳಲು ಚಿಕ್ಕಪೇಟೆಗೆ ಹೋಗುವುದೇ ಒಳ್ಳೆಯದು. ಮೆಟ್ರೊ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಸ್ಟೇಷನ್ನಿನಲ್ಲಿ ಇಳಿದರೆ ಟೈಲರಿಂಗ್ ಸಾಮಾನಿನ ಗಲ್ಲಿಗಳು ನಡಿಗೆಯ ದೂರ. ಕಂಟೋನ್ಮೆಂಟ್ ಕಡೆಯವರಿಗೆ ಕಮರ್ಷಿಯಲ್ ಸ್ಟ್ರೀಟಿನ ಸುತ್ತಿನ ಗಲ್ಲಿಗಳಿವೆ. ಅಂಗಡಿಯಲ್ಲಿ ‘ಕ್ರೋಶಾ ದಾರ’ ಅಂದ ತಕ್ಷಣ ಹೀಗಾಗುವುದುಂಟು:

“ಕುಚ್ಚಿಗಾ ಅಕ್ಕಾ? ಸೀರೆ ತಂದಿದೀರಾ, ಮ್ಯಾಚಿಂಗ್ ಕೊಡ್ತೀನಿ.”

“ಕುಚ್ಚಿಗಲ್ಲ ಅಣ್ಣ, ಟೇಬಲ್ ಮೇಲೆ ಹಾಕೋದಕ್ಕೆ. ಹತ್ತಿ ದಾರ, ಹತ್ತನೇ ನಂಬರ್.”

“ಹಾಗಾದ್ರೆ ಆಂಕರ್ ಕಂಪನಿದು ನೋಡಿ.”

ಹೀಗೆ ಬಿಡಿಸಿ ಹೇಳದಿದ್ದರೆ ಸೀರೆ ಕುಚ್ಚಿನ ರೇಷ್ಮೆಯಂಥ ದಾರ ನಿಮ್ಮ ಚೀಲ ಸೇರುತ್ತದೆ. ಅದು ಜಾರುತ್ತದೆ, ಗಂಜಿಯನ್ನೂ ಹಿಡಿಯುವುದಿಲ್ಲ. ಅಂದಹಾಗೆ, ಮನೆಯಲ್ಲಿ ಸೀರೆಗೆ ಕ್ರೋಶಾ ಕುಚ್ಚು ಹಾಕುವವರಿಗೆ ಮುಂದಿನ ಪಾಠದ ಅರ್ಧ ಬಂದಂತೆಯೇ. ಚೈನು, ಕಂಬ, ಲಾಕು ಎಲ್ಲ ಒಂದೇ. ಕುಚ್ಚು ನೇರ ಅಂಚಿನಲ್ಲಿ ಓಡುತ್ತದೆ, ಡಾಯಿಲಿ ಸುತ್ತುತ್ತದೆ.

ಒಂದೇ ಬಣ್ಣ ಎರಡು ಉಂಡೆ ಬೇಕಿದ್ದರೆ ಚೀಟಿಯ ಮೇಲಿನ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಬಿಳಿಯಲ್ಲೂ ಹತ್ತಾರು ಬಿಳಿಗಳಿವೆ, ವ್ಯತ್ಯಾಸ ಮನೆಗೆ ಬಂದು ಬಿಸಿಲಿಗೆ ಹಿಡಿದಾಗ ಗೊತ್ತಾಗುತ್ತದೆ.

ಕಡ್ಡಿ ಉಕ್ಕಿನದೇ ಬೇಕು. ಉಣ್ಣೆಗೆ ಬಳಸುವ ದಪ್ಪ ಅಲ್ಯುಮಿನಿಯಂ ಕಡ್ಡಿ ಈ ಕೆಲಸಕ್ಕೆ ಬಾರದು. 10 ನಂಬರ್ ದಾರಕ್ಕೆ 1.5 ಮಿ.ಮೀ., 20ಕ್ಕೆ 1.25, 40ಕ್ಕೆ 1 ಅಥವಾ 0.75 ಮಿ.ಮೀ. ಉಕ್ಕಿನ ಕಡ್ಡಿಗೂ ಬೇರೆ ನಂಬರ್‌ಗಳಿವೆ, ಒಂದೊಂದು ಕಂಪನಿಯದು ಒಂದೊಂದು ಥರ. ಅದನ್ನು ನಂಬದೆ ಮಿಲಿಮೀಟರ್ ಕೇಳಿ. ಕಡ್ಡಿಯನ್ನು ಅಂಗಡಿಯಲ್ಲೇ ಪರೀಕ್ಷಿಸುವ ಸುಲಭ ಉಪಾಯ: ಅದರ ಬಾಯಿಯನ್ನು ನಿಮ್ಮ ದುಪಟ್ಟಾದ ಮೇಲೋ ಸೆರಗಿನ ತುದಿಯ ಮೇಲೋ ಮೆಲ್ಲಗೆ ಎಳೆಯಿರಿ. ನೂಲು ಕಿತ್ತು ಬಂದರೆ ಬಾಯಿ ಸರಿಯಾಗಿ ಉಜ್ಜಿಲ್ಲ, ಅದು ನಿಮ್ಮ ದಾರವನ್ನೂ ಪ್ರತಿ ಕುಣಿಕೆಯಲ್ಲಿ ಸೀಳುತ್ತದೆ. ಇನ್ನೊಂದು ಕೇಳಿ. ತೆಳ್ಳನೆಯ ಉಕ್ಕು ಬೆರಳಿಗೆ ಒತ್ತಿ ನೋವಾಗುವುದರಿಂದ ಪ್ಲಾಸ್ಟಿಕ್ ಇಲ್ಲವೇ ರಬ್ಬರಿನ ಹಿಡಿ ಇರುವುದು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಕೊಳ್ಳಿ.

ಉಳಿದ ಸಾಮಾನು ಮನೆಯಲ್ಲೇ ಇರುತ್ತದೆ: ಚಿಕ್ಕ ಕತ್ತರಿ, ಮೊಂಡು ತುದಿಯ ದಪ್ಪ ಸೂಜಿ, ಎರಡು ಸೇಫ್ಟಿ ಪಿನ್, ಮಕ್ಕಳ ಜಾಮೆಟ್ರಿ ಬಾಕ್ಸು, ಥರ್ಮಾಕೋಲ್ ಹಲಗೆ. ಗುಂಡುಸೂಜಿ ಮಾತ್ರ ಹೊಸದಾಗಿ, ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ. ಆಫೀಸಿನ ಸಾದಾ ಗುಂಡುಸೂಜಿ ಒದ್ದೆ ಹತ್ತಿಯಲ್ಲಿ ಒಂದು ರಾತ್ರಿ ಇದ್ದರೆ ತುಕ್ಕಿನ ಚುಕ್ಕೆ ಬಿಡುತ್ತದೆ, ಆ ಚುಕ್ಕೆ ಸುಲಭಕ್ಕೆ ಹೋಗುವುದಿಲ್ಲ.

ಹಿಡಿತ ಮತ್ತು ಐದು ಹೆಣಿಗೆ

ಬಲಗೈಯವರು ಕಡ್ಡಿಯನ್ನು ಬಲಗೈಯಲ್ಲಿ ಪೆನ್ನು ಹಿಡಿದಂತೆ ಹಿಡಿಯಲಿ. ದಾರ ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಸುತ್ತಿ, ನಡುವಿನ ಬೆರಳುಗಳ ಅಡಿಯಲ್ಲಿ ಹಾದು, ತೋರುಬೆರಳ ಮೇಲೆ ಬರಬೇಕು. ಬಿಗಿಯನ್ನು ನಿಯಂತ್ರಿಸುವುದು ಆ ಕಿರುಬೆರಳು. ತೋರುಬೆರಳನ್ನು ಎತ್ತಿ ಹಿಡಿದರೆ ದಾರ ಚಾಚಿ ನಿಲ್ಲುತ್ತದೆ, ಕಡ್ಡಿಗೆ ಸುಲಭವಾಗಿ ಸಿಗುತ್ತದೆ. ಎಡಗೈಯವರು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಂಡರೆ ಸಾಕು, ಮಾದರಿ ಬದಲಾಗುವುದಿಲ್ಲ.

ಮೊದಲು ಕಡ್ಡಿಗೆ ಜಾರುಗಂಟು ಹಾಕಿ. ಆಮೇಲೆ:

ಚೈನ್: ದಾರವನ್ನು ಕಡ್ಡಿಗೆ ಸಿಕ್ಕಿಸಿ, ಕಡ್ಡಿಯ ಮೇಲಿರುವ ಕುಣಿಕೆಯೊಳಗಿಂದ ಎಳೆಯಿರಿ. ಒಂದು ಚೈನ್.

ಸ್ಲಿಪ್: ಹೇಳಿದ ಜಾಗದಲ್ಲಿ ಕಡ್ಡಿ ತೂರಿಸಿ, ದಾರ ಹಿಡಿದು, ಅಲ್ಲಿಂದಲೂ ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಒಂದೇ ಏಟಿಗೆ ಎಳೆಯಿರಿ. ಸುತ್ತು ಮುಚ್ಚಲು, ಸದ್ದಿಲ್ಲದೆ ಪಕ್ಕಕ್ಕೆ ಸರಿಯಲು ಇದು.

ಸಿಂಗಲ್: ಕಡ್ಡಿ ತೂರಿಸಿ ದಾರ ಎಳೆದರೆ ಎರಡು ಕುಣಿಕೆ. ಮತ್ತೆ ದಾರ ಹಿಡಿದು ಎರಡರೊಳಗಿಂದಲೂ ಎಳೆಯಿರಿ.

ಕಂಬ: ಅಮೆರಿಕದ ಮಾದರಿಗಳಲ್ಲಿ ಡಬಲ್ ಕ್ರೋಶಾ ಎನ್ನುವುದನ್ನು ಇಲ್ಲಿ ಉದ್ದಕ್ಕೂ ಕಂಬ ಎಂದೇ ಬರೆಯುತ್ತೇನೆ. ಡಾಯಿಲಿಯ ಮೈಯೆಲ್ಲ ಇದೇ ಆದ್ದರಿಂದ ನಿಧಾನವಾಗಿ ನೋಡಿ. ತೂರಿಸುವ ಮೊದಲೇ ದಾರವನ್ನು ಕಡ್ಡಿಗೆ ಒಂದು ಸುತ್ತು ಹಾಕಿ. ಈಗ ತೂರಿಸಿ, ದಾರ ಹಿಡಿದು ಈಚೆಗೆ ಎಳೆಯಿರಿ. ಕಡ್ಡಿಯ ಮೇಲೆ ಮೂರು ಕುಣಿಕೆ. ದಾರ ಹಿಡಿದು ಮೊದಲ ಎರಡರೊಳಗಿಂದ ಎಳೆಯಿರಿ, ಎರಡು ಉಳಿಯುತ್ತವೆ. ಮತ್ತೆ ದಾರ ಹಿಡಿದು ಆ ಎರಡರೊಳಗಿಂದಲೂ ಎಳೆದರೆ ಕಂಬ ನಿಂತಿತು. ಇದರ ಎತ್ತರ ನಿರ್ಧಾರವಾಗುವುದು ಮೊದಲ ಬಾರಿ ಈಚೆಗೆ ಎಳೆದ ಆ ಕುಣಿಕೆಯಲ್ಲಿ. ಅದನ್ನು ಒಂದು ಸಲ ಗಿಡ್ಡಕ್ಕೆ, ಒಂದು ಸಲ ಉದ್ದಕ್ಕೆ ಎಳೆದರೆ ಕಂಬಗಳು ಸಾಲಿನಲ್ಲಿ ಎತ್ತರ ತಗ್ಗಾಗುತ್ತವೆ. ಕಣ್ಣಿಗೆ ಏನು ತಪ್ಪಾಗಿದೆ ಎಂದು ತಿಳಿಯದೆ ಡಾಯಿಲಿ ಒರಟಾಗಿ ಕಾಣುವುದಕ್ಕೆ ಬಹಳ ಸಲ ಇದೇ ಕಾರಣ.

ಪಿಕೋ: ಮೂರು ಚೈನ್ ಹಾಕಿ, ಅದು ಶುರುವಾದ ಕಂಬದ ತಲೆಗೇ ಸ್ಲಿಪ್ ಮಾಡಿ. ಅಂಚಿನಲ್ಲಿ ಪುಟ್ಟ ಮೊನೆ ಏಳುತ್ತದೆ. ಸೀರೆ ಅಂಚಿಗೆ ಮಿಷನ್ನಿನಲ್ಲಿ ಹಾಕಿಸುವ ಪಿಕೋ ಬೇರೆ.

ಡಾಯಿಲಿಗೆ ಕೈ ಹಾಕುವ ಮೊದಲು ಇಪ್ಪತ್ತು ಚೈನ್ ಹಾಕಿ, ಅದರ ಮೇಲೆ ಹಿಂದೆ ಮುಂದೆ ಒಂದಿಷ್ಟು ಸಾಲು ಕಂಬ ಹಾಕಿ ಬಿಚ್ಚಿ. ಬಿಚ್ಚಿದ ದಾರ ಹಾಳಾಗುವುದಿಲ್ಲ, ಕೈ ಮಾತ್ರ ಪಳಗುತ್ತದೆ.

ಮಾದರಿ ಓದುವಾಗ ಎರಡು ಎಚ್ಚರ

ಅಮೆರಿಕದವರು ಡಬಲ್ ಎನ್ನುವುದನ್ನೇ ಬ್ರಿಟಿಷರು ಟ್ರೆಬಲ್ ಎನ್ನುತ್ತಾರೆ, ಅಮೆರಿಕದ ಸಿಂಗಲ್ ಬ್ರಿಟಿಷರ ಡಬಲ್. ಅಜ್ಜಿ ಕಾನ್ವೆಂಟಿನಲ್ಲಿ ಕಲಿತದ್ದು ಬ್ರಿಟಿಷ್ ಪದ್ಧತಿ, ಮೊಮ್ಮಗಳು ಯೂಟ್ಯೂಬಿನಲ್ಲಿ ನೋಡುವುದು ಹೆಚ್ಚಾಗಿ ಅಮೆರಿಕದ್ದು. ಇಬ್ಬರೂ ಸರಿಯಾಗಿಯೇ ಹೇಳುತ್ತಾರೆ, ಡಾಯಿಲಿ ಮಾತ್ರ ಎರಡು ಅಳತೆಗೆ ಬರುತ್ತದೆ. ಪತ್ತೆ ಸುಲಭ: ಮಾದರಿಯಲ್ಲಿ ಎಲ್ಲಾದರೂ ಸಿಂಗಲ್ ಎಂದಿದ್ದರೆ ಅದು ಅಮೆರಿಕದ್ದು, ಈಗಿನ ಬ್ರಿಟಿಷ್ ಪದ್ಧತಿಯಲ್ಲಿ ಆ ಹೆಸರು ಬಳಸುವುದಿಲ್ಲ.

ಇಂಗ್ಲಿಷ್ ಸಂಕ್ಷೇಪಗಳ ತಲೆನೋವೇ ಬೇಡ ಎನ್ನುವವರು ಚಿತ್ರದ ಚಾರ್ಟ್ ಓದಲು ಕಲಿಯಿರಿ. ಮೊಟ್ಟೆಯಾಕಾರದ ಗುರುತು ಚೈನ್, ಚುಕ್ಕೆ ಸ್ಲಿಪ್, ಗುಣಾಕಾರದ ಇಲ್ಲವೇ ಕೂಡಿಸುವ ಗುರುತು ಸಿಂಗಲ್. ಮೇಲೊಂದು ಅಡ್ಡಗೆರೆ, ಮೈಗೆ ಒಂದು ಓರೆ ಗೀಟು ಇರುವ ಗೂಟ ಅಂದರೆ ಕಂಬ. ಓರೆ ಗೀಟು ಎರಡಿದ್ದರೆ ಇನ್ನೂ ಎತ್ತರದ ಕಂಬ. ಬಲಗೈಯವರು ನಡುವಿನಿಂದ ಶುರು ಮಾಡಿ ಗಡಿಯಾರದ ಮುಳ್ಳಿಗೆ ಎದುರಾಗಿ ಓದುತ್ತಾ ಹೋಗಬೇಕು. ಜಪಾನಿನ ಮಾದರಿಗಳೆಲ್ಲ ಹೀಗೇ ಇರುತ್ತವೆ, ಒಂದಕ್ಷರ ಜಪಾನಿ ಬಾರದಿದ್ದರೂ ಹೆಣೆಯಬಹುದು.

ಚಪ್ಪಟೆ ಕೂರುವುದರ ಲೆಕ್ಕ

ಹೈಸ್ಕೂಲಿನ ವೃತ್ತದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ತ್ರಿಜ್ಯ ಒಂದು ಅಳತೆ ಬೆಳೆದರೆ ಸುತ್ತಳತೆ ಅದರ 6.28ರಷ್ಟು ಬೆಳೆಯುತ್ತದೆ. ಸಿಂಗಲ್‌ನ ಎತ್ತರ ಹೆಚ್ಚುಕಡಿಮೆ ಅದರ ಅಗಲದಷ್ಟೇ, ಆದ್ದರಿಂದ ಸಿಂಗಲ್‌ನಲ್ಲಿ ಹೆಣೆಯುವ ಪ್ರತಿ ಸುತ್ತಿಗೆ 6 ಹೊಲಿಗೆ ಹೆಚ್ಚಿಸಬೇಕು. ಕಂಬ ಅಗಲದ ಎರಡು ಪಟ್ಟು ಎತ್ತರ, ಹಾಗಾಗಿ ಸುತ್ತಿಗೆ 12. ಇದಕ್ಕಿಂತ ಕಡಿಮೆಯಾದರೆ ಡಾಯಿಲಿ ಬಟ್ಟಲಾಗುತ್ತದೆ, ಹೆಚ್ಚಾದರೆ ಅಂಚು ನೆರಿಗೆ ನೆರಿಗೆಯಾಗುತ್ತದೆ. ಚೈನ್ ಕೂಡ ಒಂದು ಹೊಲಿಗೆಯ ಅಗಲ ಎಂದು ಲೆಕ್ಕಕ್ಕೆ ಹಿಡಿಯಿರಿ. ಕೆಳಗಿನ ಮಾದರಿ ಈ ಲೆಕ್ಕದ ಮೇಲೆಯೇ ನಿಂತಿದೆ: ಹನ್ನೆರಡು ಭಾಗ, ಹೆಚ್ಚುಕಡಿಮೆ ಸುತ್ತಿಗೊಂದರಂತೆ ಪ್ರತಿ ಭಾಗಕ್ಕೂ ಒಂದು ಹೊಲಿಗೆ ಹೆಚ್ಚು.

ಒಂಬತ್ತು ಸುತ್ತಿನ ಡಾಯಿಲಿ

10 ನಂಬರ್ ದಾರ, 1.5 ಮಿ.ಮೀ. ಕಡ್ಡಿ. ಮುಗಿದಾಗ ಅಗಲ ಸುಮಾರು 10 ಸೆಂ.ಮೀ., ಎಳೆದು ಒಣಗಿಸಿದ ಮೇಲೆ ಸ್ವಲ್ಪ ಹೆಚ್ಚು. ಪ್ರತಿ ಸುತ್ತಿನ ಮೊದಲ 3 ಚೈನ್ ಒಂದು ಕಂಬಕ್ಕೆ ಸಮ. ಸುತ್ತಿನ ಕೊನೆಯಲ್ಲಿ ಆ 3 ಚೈನಿನ ತಲೆಗೆ ಸ್ಲಿಪ್ ಮಾಡಿ ಮುಚ್ಚಬೇಕು, ಇದನ್ನು ಮತ್ತೆ ಮತ್ತೆ ಬರೆಯುವುದಿಲ್ಲ. ಎರಡು ಕಂಬಗಳ ನಡುವೆ ಚೈನ್ ಇರುವ ಕಿಂಡಿಯನ್ನು ಸಂದು ಎನ್ನುತ್ತೇನೆ.

ಆರಂಭ: 8 ಚೈನ್, ಮೊದಲ ಚೈನಿಗೆ ಸ್ಲಿಪ್ ಮಾಡಿ ಬಳೆ ಮಾಡಿಕೊಳ್ಳಿ.

ಸುತ್ತು 1: 3 ಚೈನ್, ಬಳೆಯೊಳಗೆ 23 ಕಂಬ. ಒಟ್ಟು 24. ಚೈನಿನ ಎಳೆಗೆ ಚುಚ್ಚದೆ ಬಳೆಯ ತೂತಿನೊಳಗೇ ಕಡ್ಡಿ ಹೋಗಲಿ. ಜಾಗ ಸಾಲದು ಅನ್ನಿಸಿದರೆ ಹಾಕಿದ ಕಂಬಗಳನ್ನು ಬೆರಳಿನಿಂದ ಒತ್ತರಿಸಿ.

ಸುತ್ತು 2: 3 ಚೈನ್, ಮುಂದಿನ ಕಂಬದ ತಲೆಗೆ 1 ಕಂಬ, 1 ಚೈನ್. ಆಮೇಲೆ ಮುಂದಿನ ಎರಡು ಕಂಬಗಳ ತಲೆಗೆ ಒಂದೊಂದು ಕಂಬ, 1 ಚೈನ್, ಹೀಗೆ ಸುತ್ತ. ಹನ್ನೆರಡು ಸಂದು ಬಂದಿರಬೇಕು. ಇಲ್ಲಿ ಸ್ಕೇಲು ಇಡಿ: ಅಗಲ ಎರಡೂವರೆ ಸೆಂ.ಮೀ. ಆಸುಪಾಸಿನಲ್ಲಿದ್ದರೆ ನಿಮ್ಮ ಕೈ ಹದವಾಗಿದೆ. ತೀರಾ ಚಿಕ್ಕದಾಗಿ, ಗಟ್ಟಿಯಾಗಿದ್ದರೆ 1.75ರ ಕಡ್ಡಿಗೆ ಹೋಗಿ.

ಸುತ್ತು 3: ಮುಂದಿನ ಕಂಬಕ್ಕೂ ಆಮೇಲಿನ ಸಂದಿಗೂ ಸ್ಲಿಪ್ ಮಾಡುತ್ತ ಸರಿಯಿರಿ. ಆ ಸಂದಿನಲ್ಲಿ 3 ಚೈನ್, 1 ಕಂಬ, 2 ಚೈನ್. ಉಳಿದ ಪ್ರತಿ ಸಂದಿನಲ್ಲಿ 2 ಕಂಬ, 2 ಚೈನ್. ಒಟ್ಟು ಕಂಬ ಮತ್ತೆ 24.

ಸುತ್ತು 4: ಹಾಗೆಯೇ ಸ್ಲಿಪ್ ಮಾಡಿ ಸಂದಿಗೆ ಬನ್ನಿ. 3 ಚೈನ್, 2 ಕಂಬ, 2 ಚೈನ್. ಉಳಿದ ಸಂದುಗಳಲ್ಲಿ 3 ಕಂಬ, 2 ಚೈನ್. ಒಟ್ಟು 36.

ಸುತ್ತು 5: ಶೆಲ್ ಶುರುವಾಗುವುದು ಇಲ್ಲಿಂದ. ಶೆಲ್ ಅಂದರೆ ಒಂದೇ ಸಂದಿನಲ್ಲಿ 2 ಕಂಬ, 2 ಚೈನ್, ಮತ್ತೆ 2 ಕಂಬ. ಎರಡು ಕಂಬಗಳ ಮೇಲೆ ಸ್ಲಿಪ್ ಮಾಡಿ ಸಂದಿಗೆ ಬಂದು, 3 ಚೈನ್, 1 ಕಂಬ, 2 ಚೈನ್, 2 ಕಂಬ ಹಾಕಿದರೆ ಮೊದಲ ಶೆಲ್. ಉಳಿದ ಹನ್ನೊಂದು ಸಂದುಗಳಲ್ಲೂ ಒಂದೊಂದು ಶೆಲ್. ಶೆಲ್‌ಗಳ ನಡುವೆ ಚೈನ್ ಇಲ್ಲ. ಕಂಬ 48.

ಸುತ್ತು 6: ಸ್ಲಿಪ್ ಮಾಡಿ ಮೊದಲ ಶೆಲ್ಲಿನ ನಡುವಿನ ಸಂದಿಗೆ ಬನ್ನಿ. ಪ್ರತಿ ಶೆಲ್ಲಿನ ನಡುವಿನ ಸಂದಿನಲ್ಲಿ ಒಂದು ಶೆಲ್, ಅದಾದ ಮೇಲೆ 1 ಚೈನ್.

ಸುತ್ತು 7: ಅದೇ, ಶೆಲ್‌ಗಳ ನಡುವೆ 2 ಚೈನ್. ಬಿಎಂಟಿಸಿ ಬಸ್ಸಿನಲ್ಲಿ ಸೀಟು ಸಿಕ್ಕರೆ ಹೆಣೆಯಬಹುದಾದ ಸುತ್ತುಗಳು ಈ ಎರಡೇ. ಉಳಿದವಕ್ಕೆ ಎಣಿಕೆ ಬೇಕು, ಬ್ರೇಕು ಹಾಕಿದಾಗ ತಪ್ಪುತ್ತದೆ.

ಸುತ್ತು 8: ಶೆಲ್ ಮೇಲೆ ಶೆಲ್, 1 ಚೈನ್, ಕೆಳಗಿನ 2 ಚೈನಿನ ಸಂದಿನಲ್ಲಿ ಒಂಟಿ ಕಂಬ, 1 ಚೈನ್. ಹೀಗೆ ಸುತ್ತ. ಕಂಬ 60.

ಸುತ್ತು 9, ಅಂಚು: ಶೆಲ್ಲಿನ ಸಂದಿಗೆ ಸರಿದು 3 ಚೈನ್, 3 ಕಂಬ, ಪಿಕೋ, 4 ಕಂಬ, ಎಲ್ಲವೂ ಅದೇ ಸಂದಿನಲ್ಲಿ. ಒಂಟಿ ಕಂಬದ ತಲೆಗೆ 1 ಸಿಂಗಲ್. ಮುಂದಿನ ಶೆಲ್ಲಿನಲ್ಲಿ 4 ಕಂಬ, ಪಿಕೋ, 4 ಕಂಬ, ಮತ್ತೆ ಒಂಟಿ ಕಂಬಕ್ಕೆ ಸಿಂಗಲ್. ಹನ್ನೆರಡು ಬೀಸಣಿಗೆಗಳಾದ ಮೇಲೆ ಮುಚ್ಚಿ, ಒಂದು ಗೇಣು ದಾರ ಬಿಟ್ಟು ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ಎಳೆದುಕೊಳ್ಳಿ.

ತುದಿಯನ್ನು ಗಂಟು ಹಾಕಿ ಬುಡಕ್ಕೆ ಕತ್ತರಿಸುವ ಚಾಳಿ ಬೇಡ. ಗಂಜಿ ಇರುವವರೆಗೆ ನಿಂತು, ಒಗೆದ ದಿನ ಬಿಚ್ಚಿಕೊಳ್ಳುತ್ತದೆ. ಮೊಂಡು ಸೂಜಿಗೆ ಪೋಣಿಸಿ, ಹಿಂಬದಿಯಲ್ಲಿ ಕಂಬಗಳ ಮೈಯೊಳಗೆ ಒಂದೆರಡು ಸೆಂ.ಮೀ. ಓಡಿಸಿ, ದಿಕ್ಕು ಬದಲಿಸಿ ಮತ್ತೆ ವಾಪಸ್ಸು ತನ್ನಿ. ಆಮೇಲೆ ಕತ್ತರಿ.

ಎಡವುವ ಜಾಗಗಳು

ಸುತ್ತಿನ ಆರಂಭ ಎಲ್ಲಿ ಎಂದು ತಿಳಿಯದೆ ಹೋಗುವುದು ಎಲ್ಲರಿಗೂ ಆಗುತ್ತದೆ. ಮೊದಲ 3 ಚೈನಿನ ತಲೆಗೆ ಸೇಫ್ಟಿ ಪಿನ್ ಸಿಕ್ಕಿಸಿ, ಸುತ್ತು ಮುಗಿದಂತೆ ಮೇಲಕ್ಕೆ ಸರಿಸಿ.

ಡಾಯಿಲಿ ಬಟ್ಟಲಾಗುತ್ತಿದ್ದರೆ ಮೊದಲು ಭಾಗಗಳನ್ನು ಎಣಿಸಿ. ಹನ್ನೊಂದೇ ಇದ್ದರೆ ಎಲ್ಲೋ ಒಂದು ಸಂದನ್ನು ದಾಟಿದ್ದೀರಿ, ಅಲ್ಲಿಯವರೆಗೂ ಬಿಚ್ಚಲೇಬೇಕು. ಮುಂದಿನ ಸುತ್ತಿನಲ್ಲಿ ಸರಿದೂಗಿಸೋಣ ಎಂದುಕೊಂಡರೆ ಆ ಓರೆ ಕೊನೆಯವರೆಗೂ ಕಾಣುತ್ತದೆ. ಹನ್ನೆರಡೂ ಸರಿಯಾಗಿದ್ದು ಬಟ್ಟಲಾಗುತ್ತಿದ್ದರೆ ಚೈನ್ ಬಿಗಿಯಾಗುತ್ತಿದೆ ಎಂದರ್ಥ. ಅಲ್ಪಸ್ವಲ್ಪ ಬಟ್ಟಲನ್ನು ಪಿನ್ನು ಎಳೆದು ಸರಿಮಾಡುತ್ತದೆ. ನೆರಿಗೆಯನ್ನು ಮಾತ್ರ ಯಾವ ಪಿನ್ನೂ ಸರಿಮಾಡದು, ಹೆಚ್ಚಾದ ದಾರ ಎಲ್ಲಿಗೂ ಹೋಗುವುದಿಲ್ಲವಲ್ಲ. ನೆರಿಗೆ ಕಂಡ ಸುತ್ತಿನಲ್ಲೇ ನಿಲ್ಲಿಸಿ ಬಿಚ್ಚಿ.

ದಾರ ಸೀಳಿ ಅರ್ಧ ಎಳೆ ಮಾತ್ರ ಕಡ್ಡಿಗೆ ಬಂದರೆ ಆ ಒಂದು ಹೊಲಿಗೆ ಬಿಚ್ಚಿ ಮತ್ತೆ ಹಾಕಿ. ಬಿಳಿ ದಾರದಲ್ಲಿ ಅದು ಗಂಜಿಯ ನಂತರವೂ ಗಡ್ಡದ ಕೂದಲಂತೆ ಎದ್ದು ನಿಲ್ಲುತ್ತದೆ. ಕತ್ತು, ಮಣಿಕಟ್ಟು ನೋಯುವ ಮೊದಲೇ ಏಳಿ. ಈ ಕೆಲಸ ಬೆಳಗಿನ ಬೆಳಕಿನಲ್ಲಿ, ಕಿಟಕಿಯ ಪಕ್ಕ ಚೆನ್ನ.

ತೊಳೆ, ಗಂಜಿ, ಪಿನ್ನು

ಉಗುರುಬೆಚ್ಚನೆ ನೀರಿಗೆ ಸ್ವಲ್ಪ ಸೋಪು ಕದಡಿ ಡಾಯಿಲಿಯನ್ನು ಅರ್ಧ ಗಂಟೆ ನೆನೆಸಿ. ಉಜ್ಜಬೇಡಿ, ಅಂಗೈಯಲ್ಲಿ ಅದುಮಿ ಅದುಮಿ ಕೊಳೆ ಬಿಡಿಸಿ. ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿನವರು ಕೊನೆಯ ಜಾಲಾಟಕ್ಕೆ ಫಿಲ್ಟರ್ ನೀರು ಬಳಸಿ. ಗಡಸು ನೀರಿನಲ್ಲಿ ಸೋಪು ಪೂರ್ತಿ ಬಿಡುವುದಿಲ್ಲ, ಬಿಳಿ ಬೂದಿಯಾಗುತ್ತದೆ. ಕಾವೇರಿ ನೀರು ಬರುವವರಿಗೆ ಈ ರಗಳೆ ಕಡಿಮೆ. ತೊಳೆದದ್ದನ್ನು ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ.

ಗಂಜಿಗೆ ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್. ಮೊದಲು ತಣ್ಣೀರಿನಲ್ಲೇ ಗಂಟಿಲ್ಲದಂತೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಪಾರದರ್ಶಕವಾಗುವವರೆಗೆ ಕಾಯಿಸಿ. ಕಾಟನ್ ಸೀರೆಗೆ ಸಬ್ಬಕ್ಕಿ ಗಂಜಿ ಹಾಕುವ ಮನೆಯಾದರೆ ಅದೂ ನಡೆಯುತ್ತದೆ, ತೆಳು ಬಟ್ಟೆಯಲ್ಲಿ ಸೋಸುವುದು ಕಡ್ಡಾಯ. ಒಂದು ಕಾಳು ಉಳಿದರೂ ಕಿಂಡಿಯಲ್ಲಿ ಕೂತು ಬೆಳ್ಳಗೆ ಒಣಗುತ್ತದೆ. ಅವಸರಕ್ಕೆ ಅಂಗಡಿಯ ರಿವೈವ್ ಪುಡಿಯೂ ಆದೀತು. ಸಕ್ಕರೆ ಪಾಕದಲ್ಲಿ ಅದ್ದುವ ಹಳೆಯ ಪದ್ಧತಿಯೊಂದಿದೆ, ನಿಜಕ್ಕೂ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಊರಿನ ಇರುವೆಗಳಿಗೆ ಆಹ್ವಾನ ಕೊಡುವ ಆಸೆಯಿದ್ದರೆ ಮಾಡಿ. ಫೆವಿಕಾಲ್ ನೀರು ಗೋಡೆಗೆ ತೂಗುವ ಅಲಂಕಾರಕ್ಕೆ ಮಾತ್ರ, ಒಮ್ಮೆ ಹಾಕಿದರೆ ತೆಗೆಯಲಾಗದು.

ಗಂಜಿ ಆರುವ ಹೊತ್ತಿಗೆ ಹಲಗೆ ಸಿದ್ಧ ಮಾಡಿ. ಒದ್ದೆ ಡಾಯಿಲಿಯ ತ್ರಿಜ್ಯ ಅಳೆದು, ಅದಕ್ಕೆ ಅರ್ಧ ಸೆಂ.ಮೀ. ಸೇರಿಸಿ ಕಾಗದದ ಮೇಲೆ ಕೈವಾರದಿಂದ ಪೆನ್ಸಿಲಿನ ವೃತ್ತ ಬರೆಯಿರಿ. ಕೋನಮಾಪಕ ಇಟ್ಟು 30 ಡಿಗ್ರಿಗೊಂದು ಗೆರೆ ಎಳೆದರೆ ಹನ್ನೆರಡು ಭಾಗ. ಕೋನಮಾಪಕ ಕಳೆದುಹೋಗಿದ್ದರೆ ಕೈವಾರವನ್ನು ಬದಲಿಸದೆ ಅದೇ ಅಳತೆಯಲ್ಲಿ ವೃತ್ತದ ಮೇಲೆ ಹೆಜ್ಜೆ ಇಡುತ್ತ ಹೋಗಿ, ಸರಿಯಾಗಿ ಆರು ಹೆಜ್ಜೆಗೆ ಮೊದಲ ಬಿಂದುವಿಗೆ ಬರುತ್ತೀರಿ. ಪ್ರತಿ ಎರಡು ಬಿಂದುವಿನ ನಡುವೆ ಇನ್ನೊಂದು ಗುರುತು. ಕಾಗದವನ್ನು ಥರ್ಮಾಕೋಲ್ ಮೇಲಿಟ್ಟು ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ. ಪೆನ್ನಿನಿಂದ ಬರೆದಿದ್ದರೆ ಶಾಯಿ ಡಾಯಿಲಿಗೆ ಏರುತ್ತದೆ.

ಗಂಜಿಯಲ್ಲಿ ಅದ್ದಿ, ಬೆರಳುಗಳ ನಡುವೆ ಎಳೆದು ಹೆಚ್ಚಿನದನ್ನು ತೆಗೆದು, ಡಾಯಿಲಿಯ ಒಳ್ಳೆಯ ಮುಖ ಮೇಲೆ ಬರುವಂತೆ ಹಾಸಿ. ಮೊದಲ ಪಿನ್ನು ನಟ್ಟನಡುವೆ. ಆಮೇಲೆ ಗಡಿಯಾರದ 12, 6, 3, 9ರ ಜಾಗದ ಪಿಕೋಗಳನ್ನು ಗೆರೆಯವರೆಗೆ ಎಳೆದು ಚುಚ್ಚಿ. ಒಂದು ಕಡೆಯಿಂದ ವರಸೆಯಾಗಿ ಚುಚ್ಚುತ್ತ ಬಂದರೆ ಕೊನೆಯ ಭಾಗ ಖಂಡಿತ ಸೊಟ್ಟ. ನಂತರ ಉಳಿದ ಎಂಟು ಪಿಕೋಗಳು. ಪಿನ್ನಿನ ತಲೆ ಸ್ವಲ್ಪ ಹೊರಕ್ಕೆ ವಾಲಿರಲಿ, ಆಗ ದಾರ ಮೇಲಕ್ಕೆ ಜಾರುವುದಿಲ್ಲ. ಕೊನೆಗೆ ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು ಉಬ್ಬು ಎಲ್ಲಿದೆ ನೋಡಿ. ಗಂಜಿಯ ಪೊರೆ ಕಟ್ಟಿದ ಕಿಂಡಿಗಳನ್ನು ಸೂಜಿಯ ಹಿಂತುದಿಯಿಂದ ಬಿಡಿಸಿ.

ನೆರಳಿನಲ್ಲಿ ಒಣಗಲಿ. ಮಾರ್ಚ್, ಏಪ್ರಿಲ್‌ನಲ್ಲಿ ಕೆಲವೇ ಗಂಟೆ ಸಾಕು. ಜುಲೈ, ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಫ್ಯಾನಿನ ಕೆಳಗೆ ಇಡದಿದ್ದರೆ ಗಂಜಿ ಹುಳಿವಾಸನೆ ಹೊಡೆಯುತ್ತದೆ. ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೂ ಒಂದಷ್ಟು ಹೊತ್ತು ಬಿಟ್ಟು ಪಿನ್ನು ತೆಗೆಯಿರಿ, ನಡುವಿನ ಬಳೆ ಎಲ್ಲಕ್ಕಿಂತ ತಡವಾಗಿ ಒಣಗುತ್ತದೆ.

ದೊಡ್ಡದು ಬೇಕಾದರೆ

ಏಳನೇ ಸುತ್ತಿನ ನಂತರ ಅಂಚಿಗೆ ಹೋಗದೆ ಬೆಳೆಸುತ್ತ ಹೋಗಬಹುದು. ನಿಯಮ ಅದೇ, ಪ್ರತಿ ಸುತ್ತಿಗೆ ಪ್ರತಿ ಭಾಗದಲ್ಲಿ ಒಂದು ಹೊಲಿಗೆ ಹೆಚ್ಚು. ಶೆಲ್‌ಗಳ ನಡುವೆ 3 ಚೈನ್, ಮುಂದಿನದರಲ್ಲಿ 4. ನಾಲ್ಕಕ್ಕಿಂತ ಉದ್ದದ ಚೈನ್ ಜೋತುಬೀಳುವುದರಿಂದ ಅಲ್ಲಿಂದ ಮುಂದೆ ನಡುವೆ ಒಂಟಿ ಕಂಬ ನಿಲ್ಲಿಸಿ, ಅದರ ಎರಡೂ ಬದಿಗೆ ಚೈನ್ ಹಂಚಿ. ಅಂಚಿನ ಬೀಸಣಿಗೆಗೆ ಆಗ ಎರಡು ಕಂಬ ಹೆಚ್ಚು ಬೇಕಾದೀತು, ಒಂದು ಹೆಣೆದು ಚಪ್ಪಟೆ ಕೂತಿತೇ ನೋಡಿ ಮುಂದುವರಿಯಿರಿ.

ಉರಿಯುವ ಎಣ್ಣೆ ದೀಪದ ಅಡಿಗೆ ಡಾಯಿಲಿ ಹಾಕಬೇಡಿ, ಎಣ್ಣೆ ಹೀರಿದ ಹತ್ತಿ ಬತ್ತಿಯೇ ಆಗುತ್ತದೆ. ಬಿಸಿ ಪಾತ್ರೆಗೂ ಅಲ್ಲ. ಕಾಫಿ ಚೆಲ್ಲಿದರೆ ಆಗಲೇ ತಣ್ಣೀರಿಗೆ ಹಾಕಿ, ಬಿಸಿನೀರು ಆಮೇಲೆ. ಬೀರುವಿನಲ್ಲಿ ತಿಂಗಳುಗಟ್ಟಲೆ ಇಡುವುದಾದರೆ ಗಂಜಿಯನ್ನು ಪೂರ್ತಿ ತೊಳೆದು ತೆಗೆದೇ ಇಡಿ. ಜಿರಲೆ, ಬೆಳ್ಳಿಮೀನು ಹುಳುಗಳಿಗೆ ಗಂಜಿಯೇ ಊಟ, ಅದರ ಜೊತೆಗೆ ದಾರವನ್ನೂ ಕಡಿದು ಹಾಕುತ್ತವೆ. ಮಡಚಿದರೆ ಮಡಿಕೆಯ ಗೆರೆ ನಿಲ್ಲುತ್ತದೆ, ಹಳೆಯ ಬಿಳಿ ಪಂಚೆಯ ತುಂಡಿನ ಜೊತೆ ಸುರುಳಿ ಸುತ್ತಿ ಇಟ್ಟು, ದಸರಾ ಹತ್ತಿರ ಬಂದಾಗ ಮತ್ತೆ ಗಂಜಿ ಹಾಕಿ ಪಿನ್ನು ಚುಚ್ಚಿ.